ಹಳೆ ಪುಸ್ತಕ ಬೇಕಾ? ಮೊದಲು ತಪ್ಪು ಸ್ಪೆಲಿಂಗ್ ಕಲಿಯಿರಿ

“ಸರ, ಗೂಗಲ್‌ನಾಗ ಹಾಕಿದ್ರ ಏನೂ ಬರ್ಲಾಕತ್ತಿಲ್ರೀ.”

ವಾರಕ್ಕೆ ಒಮ್ಮೆಯಾದರೂ ಈ ಮಾತು ನನ್ನ ಟೇಬಲ್ ಮುಂದೆ ಕೇಳಿಬರುತ್ತದೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕನಾಗಿ ಇಪ್ಪತ್ತು ವರ್ಷ ದಾಟಿದೆ. ಅಚ್ಚು ನಿಂತುಹೋದ ಪುಸ್ತಕ ಕೇಳಿಕೊಂಡು ಪಿಎಚ್‌.ಡಿ. ಮಾಡುವ ಹುಡುಗರು ಬರುತ್ತಾರೆ, ರಿಟೈರ್ ಆದ ಮೇಷ್ಟ್ರು ಬರುತ್ತಾರೆ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: “ಏನಂತ ಹಾಕಿದ್ರಿ?” ಉತ್ತರದಲ್ಲೇ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತದೆ. ಅವರು ಪುಸ್ತಕದ ಹೆಸರನ್ನು ಸರಿಯಾಗಿ ಟೈಪ್ ಮಾಡಿರುತ್ತಾರೆ. ಮಾರುವವನು ಸರಿಯಾಗಿ ಟೈಪ್ ಮಾಡಿರುವುದಿಲ್ಲ.

ನಮ್ಮೂರಿನ ಹೆಸರನ್ನೇ ನೋಡಿ. ಸರ್ಕಾರಿ ಕಾಗದದಲ್ಲಿ ಇಂಗ್ಲಿಷಿನಲ್ಲೂ ‘ಕಲಬುರಗಿ’ ಆಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ‘ಗುಲ್ಬರ್ಗಾ’. ಇನ್ನೂ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ‘ಕುಲ್ಬರ್ಗಾ’. ನಮ್ಮ ಜಿಲ್ಲೆಯ ಗ್ಯಾಸೆಟಿಯರ್, ಅಂದರೆ ಜಿಲ್ಲೆಯ ಇತಿಹಾಸ, ಭೂಗೋಳ ಎಲ್ಲ ಇರುವ ಸರ್ಕಾರಿ ಪುಸ್ತಕ, ಬಂದದ್ದು 1966ರಲ್ಲಿ. ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂದದ್ದು 1973ರಲ್ಲಿ. ಹಾಗಾಗಿ ಆ ಪುಸ್ತಕದ ಮೇಲೆ ‘ಮೈಸೂರು ಸ್ಟೇಟ್ ಗ್ಯಾಸೆಟಿಯರ್, ಗುಲ್ಬರ್ಗಾ ಡಿಸ್ಟ್ರಿಕ್ಟ್’ ಅಂತಿದೆ. ನೀವು ‘ಕರ್ನಾಟಕ, ಕಲಬುರಗಿ’ ಅಂತ ಹಾಕಿ ಕೂತರೆ ಅದು ಎಲ್ಲಿಂದ ಬರಬೇಕು? ಯಾದಗಿರಿಯವರದು ಇನ್ನೊಂದು ಕತೆ. ಅದು ಜಿಲ್ಲೆಯಾಗಿದ್ದು 2009ರ ಕೊನೆಗೆ. ಅದಕ್ಕೂ ಹಿಂದಿನ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಗುಲ್ಬರ್ಗಾದ ಪುಸ್ತಕದ ಹೊಟ್ಟೆಯೊಳಗೇ ಇವೆ. ಸುರಪುರವಂತೂ ‘ಶೋರಾಪುರ’ ಆಗಿ ಕೂತಿದೆ, ಕೆಲವು ಕಡೆ ಕೊನೆಯ ‘ಪುರ’ಕ್ಕೆ ಡಬಲ್ ಓ ಬೇರೆ.

ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಇನ್ನೂ ಮಜಾ. ‘ವಚನ’ ಅಂತ ನಾವು ಬರೆಯುವಾಗ ಸಿ ಆದ ಮೇಲೆ ಎಚ್ ಹಾಕುತ್ತೇವೆ. ದೊಡ್ಡ ಲೈಬ್ರರಿಗಳ ಕ್ಯಾಟಲಾಗಿನಲ್ಲಿ ‘ಚ’ಕ್ಕೆ ಬರೀ ಸಿ, ಎಚ್ ಇಲ್ಲ. ಆ ಒಂದು ಎಚ್ ತೆಗೆದು ನೋಡಿ, ಅಮೆರಿಕದ ವಿಶ್ವವಿದ್ಯಾಲಯಗಳ ಕಪಾಟುಗಳೇ ತೆರೆದುಕೊಳ್ಳುತ್ತವೆ. 19ನೇ ಶತಮಾನದ ಪುಸ್ತಕವಾದರೆ ‘ಕನ್ನಡ’ ಬಿಡಿ, ‘ಕ್ಯಾನರೀಸ್’ ಅಂತ ಹಾಕಿ. ಅದನ್ನು ಸಿ ಇಂದಲೂ ಬರೆಯುತ್ತಿದ್ದರು, ಕೆ ಇಂದಲೂ ಬರೆಯುತ್ತಿದ್ದರು. ಕನ್ನಡ ಲಿಪಿಯಲ್ಲೇ ಹುಡುಕಿದರೂ ತಪ್ಪಿದ್ದಲ್ಲ. ಹಳೆಯವರು ‘ಕರ್ಣಾಟಕ’ ಅಂತ ಬರೆದರು. ‘ಹೈದರಾಬಾದ್’, ‘ಹೈದ್ರಾಬಾದ್’, ‘ಹೈದರಾಬಾದು’ ಮೂರೂ ಅಚ್ಚಾಗಿವೆ. ನಾನು ಒಂದು ಪುಸ್ತಕ ಹುಡುಕುವ ಮೊದಲು ಒಂದು ಚೀಟಿಯಲ್ಲಿ ಆರೇಳು ರೂಪ ಬರೆದುಕೊಳ್ಳುತ್ತೇನೆ. ಬೇಸರದ ಕೆಲಸ, ಆದರೆ ಸಿಗುವುದು ಇದರಿಂದಲೇ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್, ಇದ್ದರೆ ಈ ತಾಪತ್ರಯ ಕಡಿಮೆ. ಆ ನಂಬರಿಗೆ ಸ್ಪೆಲಿಂಗ್ ಇಲ್ಲವಲ್ಲ. 2007ಕ್ಕೂ ಮೊದಲು ಅದು 10 ಅಂಕಿ, ಆಮೇಲೆ 13. ಹಳೆ ನಂಬರಿನ ಆರಂಭಕ್ಕೆ 978 ಸೇರಿಸಿ ಸುಮ್ನೆ ಬಿಟ್ಟರೆ ಆಗದು, ಕೊನೆಯ ಅಂಕಿಯೂ ಬದಲಾಗುತ್ತದೆ. ಪರಿವರ್ತನೆ ಮಾಡಿಕೊಡುವ ಪುಟಗಳು ಪುಕ್ಕಟೆ ಸಿಗುತ್ತವೆ, ಎರಡೂ ಹಾಕಿ ನೋಡಿ. 1970ಕ್ಕಿಂತ ಹಿಂದಿನ ಪುಸ್ತಕಕ್ಕೆ ಈ ನಂಬರೇ ಇಲ್ಲ. ಆಮೇಲೂ ಎಷ್ಟೋ ವರ್ಷ ನಮ್ಮ ಪ್ರಕಾಶಕರು ಇದರ ಗೊಡವೆಗೆ ಹೋಗಲಿಲ್ಲ.

ಎಲ್ಲಿ ಹುಡುಕಬೇಕು? ನಮ್ಮ ಭಾಗದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಪುಸ್ತಕವಾದರೆ ಬುಕ್‌ಫೈಂಡರ್, ವಯಾಲಿಬ್ರಿ, ಎಬಿಬುಕ್ಸ್ ಅನ್ನುವ ಜಾಲತಾಣಗಳು ಸಾಕು. ಮೊದಲಿನ ಎರಡಕ್ಕೆ ಸ್ವಂತ ದಾಸ್ತಾನಿಲ್ಲ, ಬೇರೆ ಅಂಗಡಿಗಳ ಪಟ್ಟಿಯನ್ನು ಒಟ್ಟಿಗೆ ಜಾಲಾಡುತ್ತವೆ. ಎಬಿಬುಕ್ಸ್ ಅನ್ನು 2008ರಲ್ಲಿ ಅಮೆಜಾನ್ ಕೊಂಡಿತು. ಒಬ್ಬನೇ ವ್ಯಾಪಾರಿ ಎರಡೂ ಕಡೆ ಅದೇ ಪ್ರತಿ ಹಾಕಿರಬಹುದು, ಬೆಲೆ ಮಾತ್ರ ಬೇರೆ. ಎರಡು ಪ್ರತಿ ಇವೆ ಅಂತ ಮೋಸ ಹೋಗಬೇಡಿ. ಸಿಗಲಿಲ್ಲ ಅಂದರೆ ಎಬಿಬುಕ್ಸ್‌ನಲ್ಲಿ ‘ವಾಂಟ್ಸ್’ ಪಟ್ಟಿಗೆ ಹಾಕಿಡಿ, ಬಂದಾಗ ಮೇಲ್ ಬರುತ್ತದೆ.

ಕನ್ನಡ ಪುಸ್ತಕಕ್ಕೆ ಈ ದಾರಿ ಅಷ್ಟಾಗಿ ಆಗಿಬರುವುದಿಲ್ಲ. ನಮ್ಮ ಹಳೆ ಪುಸ್ತಕದ ವ್ಯಾಪಾರ ನಡೆಯುವುದು ಫೇಸ್‌ಬುಕ್ ಗುಂಪುಗಳಲ್ಲಿ, ವಾಟ್ಸ್ಯಾಪಿನಲ್ಲಿ. ವ್ಯಾಪಾರಿ ಇಪ್ಪತ್ತು ಪುಸ್ತಕ ಸಾಲಾಗಿ ಜೋಡಿಸಿ ಒಂದು ಫೋಟೋ ಹಾಕುತ್ತಾನೆ. ಹೆಸರನ್ನು ಟೈಪ್ ಮಾಡುವುದೇ ಇಲ್ಲ. ಗೂಗಲ್‌ಗೆ ಆ ಪುಸ್ತಕ ಇದ್ದರೂ ಇಲ್ಲದ ಹಾಗೆ. ಇಲ್ಲಿ ಹುಡುಕುವುದಕ್ಕಿಂತ ಕೇಳುವುದೇ ವಾಸಿ. ಹತ್ತು ಹೆಸರಿನ ಪಟ್ಟಿ ಮಾಡಿ, ಬೆಂಗಳೂರು, ಧಾರವಾಡ, ಹೈದರಾಬಾದಿನ ನಾಲ್ಕೈದು ವ್ಯಾಪಾರಿಗಳಿಗೆ ಕಳಿಸಿ. ತಿಂಗಳಿಗೊಮ್ಮೆ ನೆನಪಿಸಿ. ಹೈದರಾಬಾದನ್ನು ಮರೆಯಬೇಡಿ. 1956ರ ತನಕ ನಾವು ಆ ರಾಜ್ಯದವರೇ ತಾನೇ? ನಮ್ಮ ಕಡೆಯವರ ಎಷ್ಟೋ ಪುಸ್ತಕಗಳು ಅಲ್ಲೇ ಅಚ್ಚಾಗಿ, ಅಲ್ಲೇ ಉಳಿದಿವೆ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹರಡುವ ಪುಸ್ತಕಗಳಲ್ಲಿ ನನಗೆ ಕನ್ನಡದವೂ ಸಿಕ್ಕಿವೆ.

ಕೊಳ್ಳುವ ಮೊದಲು ಇನ್ನೊಂದು ಕಡೆ ಇಣುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಅದರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದವೂ ಇವೆ. ಅಲ್ಲಿಯೂ ಹೆಸರುಗಳ ಸ್ಪೆಲಿಂಗ್ ದೇವರಿಗೇ ಪ್ರೀತಿ. ಅದಕ್ಕೇ ‘ಸಂಚಯ’ದ ಗೆಳೆಯರು ‘ಪುಸ್ತಕ ಸಂಚಯ’ ಅನ್ನುವ ಜಾಲತಾಣ ಮಾಡಿ, ಕನ್ನಡದಲ್ಲೇ ಹುಡುಕುವ ಹಾಗೆ ಮಾಡಿದ್ದಾರೆ. ಓದಿಗಷ್ಟೇ ಬೇಕಿದ್ದರೆ ಅಲ್ಲಿಗೇ ಕೆಲಸ ಮುಗಿಯಬಹುದು. ಕೊಳ್ಳಲೇಬೇಕು ಅಂದರೂ ಸ್ಕ್ಯಾನ್ ನೋಡಿದರೆ ಎಷ್ಟು ಪುಟ, ಎಷ್ಟು ಚಿತ್ರ, ಯಾವ ಮುದ್ರಣ ಅಂತ ಗೊತ್ತಾಗುತ್ತದೆ. ಆಮೇಲೆ ವ್ಯಾಪಾರಿಯ ಜೊತೆ ಮಾತು ಸಲೀಸು.

ಈಗ ಬೆಲೆ. ಹಿಂಬದಿಯಲ್ಲಿ 40 ರೂಪಾಯಿ ಅಂತ ಅಚ್ಚಾದ ಪುಸ್ತಕ ಆನ್‌ಲೈನ್‌ನಲ್ಲಿ 9,000 ಅಂತ ಕಂಡರೆ ಗಾಬರಿಯಾಗಬೇಡಿ. ಆ ಬೆಲೆ ಇಟ್ಟದ್ದು ಮನುಷ್ಯನೇ ಅಲ್ಲದಿರಬಹುದು. 2011ರಲ್ಲಿ ಅಮೆಜಾನ್‌ನಲ್ಲಿ ನೊಣದ ಬೆಳವಣಿಗೆ ಬಗೆಗಿನ ಒಂದು ಹಳೆ ಪಠ್ಯಪುಸ್ತಕದ ಬೆಲೆ 2.3 ಕೋಟಿ ಡಾಲರ್ ದಾಟಿತ್ತು. ಇಬ್ಬರು ವ್ಯಾಪಾರಿಗಳ ಸಾಫ್ಟ್‌ವೇರ್ ಜಿದ್ದಿಗೆ ಬಿದ್ದಿದ್ದವು. ಒಂದು, ಇನ್ನೊಂದಕ್ಕಿಂತ ಚೂರು ಕಡಿಮೆ ಇಡುತ್ತಿತ್ತು. ಇನ್ನೊಂದು, ಮೊದಲಿನದರ ಸುಮಾರು 1.27 ಪಟ್ಟು ಏರಿಸುತ್ತಿತ್ತು. ಹೀಗೆ ದಿನಾ ಏರುತ್ತಾ ಹೋಯಿತು, ಯಾರೂ ನೋಡಲಿಲ್ಲ. ಕೆಲವರು ಕೈಯಲ್ಲಿ ಪುಸ್ತಕ ಇಲ್ಲದೆಯೇ ಪಟ್ಟಿಗೆ ಹಾಕುತ್ತಾರೆ, ನೀವು ಆರ್ಡರ್ ಕೊಟ್ಟ ಮೇಲೆ ಬೇರೆಯವರಿಂದ ಕೊಂಡು ಕಳಿಸುತ್ತಾರೆ. ಅಂಥ ಬೆಲೆಗೆ ಇನ್ನೊಂದಿಷ್ಟು ತಿಂಗಳು ಕಾಯುವುದೇ ಉತ್ತರ.

ಇನ್ನೊಂದು ಬಲೆ: ‘ಹೊಸ ಪ್ರತಿ’ ಅಂತ ಸಿಗುವ ಬಹಳ ಹಳೆ ಪುಸ್ತಕ. 1840ರ ದಶಕದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತೀರಿಕೊಂಡದ್ದು 1876ರಲ್ಲಿ. ಅವನ ಆತ್ಮಕಥೆ ಬಂದದ್ದು 1877ರಲ್ಲಿ. ಅದಕ್ಕೆ ಈಗ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಇಂಥ ಪುಸ್ತಕಗಳ ಸ್ಕ್ಯಾನ್ ಇಳಿಸಿಕೊಂಡು, ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವವರಿದ್ದಾರೆ. ನನಗೂ ಹೀಗೊಂದು ಪುಸ್ತಕ ಬಂತು. ಒಳಗಿನ ನಕಾಶೆ ಮಡಿಕೆ ಬಿಚ್ಚದೆ ಹಾಗೇ ಅಚ್ಚಾಗಿತ್ತು. ಒಂದು ಪುಟದ ಮೂಲೆಯಲ್ಲಿ ಸ್ಕ್ಯಾನ್ ಮಾಡಿದವನ ಹೆಬ್ಬೆರಳೂ ಇತ್ತು. 1,200 ರೂಪಾಯಿ ಹೋಯಿತು. ಮುಖಪುಟದ ಮೇಲೆ ಸಂಬಂಧವಿಲ್ಲದ ಹೂವಿನ ಚಿತ್ರ, ಪ್ರಕಟವಾದ ವರ್ಷ ಮೊನ್ನೆಯದು ಅಂತಿದ್ದರೆ ಬಿಟ್ಟುಬಿಡಿ. ಆ ಸ್ಕ್ಯಾನ್ ಪುಕ್ಕಟೆಯೇ ಸಿಗುತ್ತದೆ.

ವಿದೇಶಿ ವ್ಯಾಪಾರಿಗಳ ಭಾಷೆಯನ್ನೂ ಕಲಿಯಬೇಕು. ಅವರ ಲೆಕ್ಕದಲ್ಲಿ ‘ಗುಡ್’ ಅಂದರೆ ಚೆನ್ನಾಗಿದೆ ಅಂತಲ್ಲ. ಪುಟ ಎಲ್ಲ ಇವೆ, ಆದರೆ ಬಳಸಿ ಸವೆದಿದೆ ಅಂತ. ಚೆನ್ನಾಗಿರಬೇಕು ಅಂದರೆ ‘ವೆರಿ ಗುಡ್’ ಅಥವಾ ‘ಫೈನ್’ ನೋಡಿ. ‘ಎಕ್ಸ್ ಲೈಬ್ರರಿ’ ಅಂದರೆ ಗ್ರಂಥಾಲಯದ ಸೀಲು, ಚೀಟಿ ಎಲ್ಲ ಇರುತ್ತದೆ. ನನ್ನ ವೃತ್ತಿಯ ಮಾತು ಇದು: ಸೀಲಿನ ಜೊತೆ ‘ರದ್ದು’ ಅನ್ನುವ ಇನ್ನೊಂದು ಸೀಲೂ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಆ ಪುಸ್ತಕ ಕಪಾಟಿನಿಂದ ಹೇಗೆ ಹೊರಬಂತು ಅನ್ನುವುದು ಅನುಮಾನವೇ.

ನಮ್ಮ ವ್ಯಾಪಾರಿಗಳ ಹತ್ತಿರ ಇಂಥ ಗ್ರೇಡುಗಳಿಲ್ಲ, “ಕಂಡೀಷನ್ ಸೂಪರ್ ಸರ” ಅಷ್ಟೇ. ಅದಕ್ಕೇ ಹಣ ಹಾಕುವ ಮೊದಲು ವಿಡಿಯೋ ಕೇಳುತ್ತೇನೆ. ಬೀದರಿನ ಒಬ್ಬ ಇತಿಹಾಸದ ಮೇಡಂಗೆ ಬೀದರಿನ ಕಟ್ಟಡಗಳ ಬಗ್ಗೆ ಗುಲಾಮ್ ಯಜ್ದಾನಿ ಬರೆದ ದೊಡ್ಡ ಪುಸ್ತಕ ಬೇಕಿತ್ತು. 1947ರಲ್ಲಿ ಆಕ್ಸ್‌ಫರ್ಡ್‌ನವರು ತಂದದ್ದು. 1995ರಲ್ಲಿ ದೆಹಲಿಯ ಮೋತಿಲಾಲ್ ಬನಾರಸಿದಾಸ್ ಮರುಮುದ್ರಣ ಮಾಡಿದರು. ಮೇಡಂ ಮೂಲವೇ ಬೇಕು ಅಂತ ಹಟ ಹಿಡಿದರು. ಆರೇಳು ತಿಂಗಳ ಮೇಲೆ ಒಬ್ಬ ವ್ಯಾಪಾರಿಯ ಹತ್ತಿರ ಸಿಕ್ಕಿತು. ವರ್ಷ ಅಚ್ಚಾದ ಪುಟದ ಫೋಟೋ ತರಿಸಿದೆ, ಆಮೇಲೆ ವಿಡಿಯೋ ಕಾಲ್. ಆತ ಒಂದೊಂದೇ ಚಿತ್ರಪುಟ ತಿರುವುತ್ತಾ ಹೋದ. ಮೇಡಂ ಬೀದರಿನಲ್ಲಿ, ನಾನು ಇಲ್ಲಿ, ಇಬ್ಬರೂ ನಂಬರ್ ಎಣಿಸಿದೆವು. ಎರಡು ಚಿತ್ರ ಇರಲಿಲ್ಲ. ಬ್ಲೇಡಿನಲ್ಲಿ ಕೊಯ್ದ ಗುರುತು ಹೊಲಿಗೆ ಹತ್ತಿರ ಚೆಂದಾಗಿ ಕಾಣುತ್ತಿತ್ತು.

“ಇದು ನಮಗೂ ಗೊತ್ತಿರಲಿಲ್ಲ ಸರ” ಅಂದ ಆತ. ಇದ್ದಿರಬಹುದು. ಬೆಲೆ ಮೂರನೇ ಒಂದು ಪಾಲು ಇಳಿಸಿದ.

ಕಳಿಸುವ ಮಾತು ಬಂತು. ಅಂಚೆಯವರ ಹಳೆ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. ಅದರ ಜಾಗಕ್ಕೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿ ತನಕ 100 ರೂಪಾಯಿ, ತೆರಿಗೆ ಬೇರೆ. ನಿಧಾನ ಬರುತ್ತದೆ, ಆದರೆ ಎಲ್ಲಿದೆ ಅಂತ ನೋಡಿಕೊಳ್ಳಬಹುದು. ಮಳೆಗಾಲವಾದ್ದರಿಂದ ಎರಡು ಸುತ್ತು ಪ್ಲಾಸ್ಟಿಕ್, ಮೂಲೆಗಳಿಗೆ ರಟ್ಟು ಹಾಕಲು ಹೇಳಿದೆ.

ಮೇಡಂ ಪಾರ್ಸಲ್ ಬಿಚ್ಚಿ ಫೋನ್ ಮಾಡಿದರು. “ಸರ, ಆ ಎರಡು ಚಿತ್ರ ಇಲ್ಲಂದ್ರ ಏನಾತ್ರಿ, ಆ ಎರಡೂ ಕಟ್ಟಡ ನಮ್ಮ ಮನಿ ಹಿಂದೇ ಅವ. ನಾನೇ ಫೋಟೋ ತೆಗದು ಅಂಟಸ್ತೀನಿ.”