ಆಸಿಡ್ ಹೌಸ್ ಹುಟ್ಟಿದ್ದು ಮುಂಬೈಯಲ್ಲಾ?

ಪ್ರಶ್ನೆ: ಆಸಿಡ್ ಹೌಸ್ ಅನ್ನೋ ಡಾನ್ಸ್ ಸಂಗೀತವನ್ನು ಅಮೆರಿಕದವರಿಗಿಂತ ಐದು ವರ್ಷ ಮೊದಲೇ ನಮ್ಮ ಚರಣ್‌ಜಿತ್ ಸಿಂಗ್ ಕಂಡುಹಿಡಿದಿದ್ದರಂತೆ. ಶಿಕಾಗೋದವರು ಅದನ್ನೇ ಕದ್ದು ಹೆಸರು ಮಾಡಿಕೊಂಡರಂತೆ. ನಿಜಾನಾ ಸರ್?

ಅಲ್ಲ. ಕಂಡುಹಿಡಿದಿದ್ದೂ ಅಲ್ಲ, ಕದ್ದಿದ್ದೂ ಅಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ನಾಲ್ಕು ಸಾಲು ಬರೆದು ಕಳಿಸುತ್ತೇನೆ, ಒಂದು ತಿಂಗಳು ಎಲ್ಲರೂ ಸುಮ್ಮನಿರುತ್ತಾರೆ, ಆಮೇಲೆ ಅದೇ ಫಾರ್ವರ್ಡ್ ಮೆಸೇಜು ಹೊಸ ಫೋಟೋ ಅಂಟಿಸಿಕೊಂಡು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ. ಚರಣ್‌ಜಿತ್ ಅವರ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಅವರು ಮಾಡದ ಕೆಲಸಕ್ಕೆ ಹಾರ ಹಾಕುತ್ತಾ ಕೂತರೆ, ಅವರು ನಿಜವಾಗಿ ಮಾಡಿದ್ದನ್ನು ಯಾರೂ ಕೇಳುವುದಿಲ್ಲ.

ಚರಣ್‌ಜಿತ್ ಸಿಂಗ್ ಮುಂಬೈಯ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಅವರಂಥ ಸಂಗೀತ ನಿರ್ದೇಶಕರ ಜೊತೆ ಬೇಸ್ ಗಿಟಾರ್, ಕೀಬೋರ್ಡ್ ಹೀಗೆ ಏನು ಕೊಟ್ಟರೂ ನುಡಿಸಿದವರು. ಹೊಸ ಎಲೆಕ್ಟ್ರಾನಿಕ್ ವಾದ್ಯ ಬಂದಿದೆ ಅಂದರೆ ತಡೆದುಕೊಳ್ಳುವ ಜೀವವಲ್ಲ. 80ರ ದಶಕದ ಶುರುವಿನಲ್ಲಿ ಅವರ ಕೈಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಪೆಟ್ಟಿಗೆ ಸಿಕ್ಕವು: ಜ್ಯೂಪಿಟರ್-8 ಸಿಂಥಸೈಜರ್, ಟಿಆರ್-808 ರಿದಮ್ ಮಷೀನು, ಟಿಬಿ-303 ಬೇಸ್ ಮಷೀನು. ಆಗ ಹಿಂದಿ ಸಿನಿಮಾದಲ್ಲಿ ಎಲ್ಲಿ ನೋಡಿದರೂ ಡಿಸ್ಕೋ. ಅವರಿಗೊಂದು ಯೋಚನೆ ಬಂತು. ಡಿಸ್ಕೋ ಬೀಟ್ ಇರಲಿ, ತಬಲಾ ಬೇಡ, ಮೇಲೆ ರಾಗ ನುಡಿಸೋಣ. 1982ರಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಆ ಎಲ್‌ಪಿ ಮಾಡಿದರು. ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಹತ್ತು ರಾಗ, ಒಂದೊಂದೂ ಹೆಚ್ಚುಕಡಿಮೆ ಐದು ನಿಮಿಷ.

ರೆಕಾರ್ಡು ಓಡಲಿಲ್ಲ. ಜನ ಮರೆತರು. 2002ರಲ್ಲಿ ಎಡೋ ಬೌಮನ್ ಅನ್ನುವ ಡಚ್ ಸಂಗ್ರಾಹಕರಿಗೆ ದೆಹಲಿಯ ಒಂದು ಅಂಗಡಿಯಲ್ಲಿ ಅದು ಸಿಕ್ಕಿತು. 2010ರಲ್ಲಿ ಅವರು ತಮ್ಮ ಬಾಂಬೆ ಕನೆಕ್ಷನ್ ಲೇಬಲ್‌ನಿಂದ ಅದನ್ನು ಮತ್ತೆ ಹೊರತಂದರು. ಕೇಳಿದವರು ಬೆಚ್ಚಿಬಿದ್ದರು. 1987ರಲ್ಲಿ ಶಿಕಾಗೋದಿಂದ ಬಂದ ‘ಆಸಿಡ್ ಟ್ರ್ಯಾಕ್ಸ್’ ಅನ್ನುವ ರೆಕಾರ್ಡಿನಲ್ಲಿ ಕೇಳಿದ್ದ ಅದೇ ಬಳುಕುವ, ಕುಲುಕುವ ಬೇಸ್ ಸದ್ದು ಇದರಲ್ಲೂ ಇತ್ತು. 1982 ಮೊದಲು, 1987 ಆಮೇಲೆ. ಸರಿ, ಕಥೆ ಹುಟ್ಟಿಕೊಂಡಿತು. ಇದೆಲ್ಲ ಯಾರೋ ಯುರೋಪಿನವರು ಈಗ ಮಾಡಿ ಹಳೆಯದು ಅಂತ ಮಾರುತ್ತಿದ್ದಾರೆ ಅಂತ ಅನುಮಾನ ಪಟ್ಟವರೂ ಇದ್ದರು. ಅದಕ್ಕೆ ಜಾಸ್ತಿ ಮಾತು ಬೇಡ. ಹಳೆಯ ಎಚ್‌ಎಂವಿ ಎಲ್‌ಪಿಗಳು ಇವತ್ತಿಗೂ ಸಂಗ್ರಾಹಕರ ಕೈಯಲ್ಲಿವೆ. ಚರಣ್‌ಜಿತ್ ಅವರೇ ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ಕೂತು ಇವೇ ರಾಗಗಳನ್ನು ನುಡಿಸಿ ಬಂದರು. 2015ರ ಜುಲೈಯಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಈಗ ಕಳ್ಳತನದ ಮಾತು. ಶಿಕಾಗೋದಲ್ಲಿ ಏನಾಯಿತು ಅನ್ನುವುದು ಗುಟ್ಟೇನಲ್ಲ. ಅಲ್ಲಿ ವೇರ್‌ಹೌಸ್ ಅಂತ ಒಂದು ಕ್ಲಬ್ಬು. ಫ್ರಾಂಕಿ ನಕಲ್ಸ್ ಅಲ್ಲಿ ರೆಕಾರ್ಡ್ ಹಾಕುತ್ತಿದ್ದರು. ‘ಹೌಸ್’ ಅನ್ನುವ ಹೆಸರು ಬಂದದ್ದೇ ಆ ಕ್ಲಬ್ಬಿನಿಂದ. ಅದೇ ಊರಿನಲ್ಲಿ ಡಿಜೆ ಪಿಯೆರ್, ಸ್ಪ್ಯಾಂಕಿ, ಹರ್ಬ್ ಜೆ ಅಂತ ಮೂವರು ಹುಡುಗರು, ಫ್ಯೂಚರ್ ಅಂತ ತಮಗೆ ಹೆಸರಿಟ್ಟುಕೊಂಡಿದ್ದರು. ಅವರ ಕೈಗೆ ಒಂದು ಸೆಕೆಂಡ್ ಹ್ಯಾಂಡ್ 303 ಬಂತು. ಅದನ್ನು ಹೇಗೆ ಬಳಸಬೇಕೆಂದು ಸರಿಯಾಗಿ ಗೊತ್ತಾಗದೆ, ಒಳಗೆ ಏನೋ ಪ್ಯಾಟರ್ನ್ ಓಡುತ್ತಿರುವಾಗ ಮೇಲಿನ ಗುಂಡಿಗಳನ್ನು ತಿರುಗಿಸುತ್ತಾ ಹೋದರು. ಸದ್ದು ಕಿರುಚಿತು, ನೀರು ಗುಟುಕರಿಸಿದ ಹಾಗೆ ಉಲಿಯಿತು. ಅದನ್ನೇ ಟೇಪ್ ಮಾಡಿ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನ ರಾನ್ ಹಾರ್ಡಿಗೆ ಕೊಟ್ಟರು. ಅವರು ಒಂದೇ ರಾತ್ರಿ ನಾಲ್ಕು ಸಲ ಹಾಕಿದರಂತೆ. ಮೊದಲ ಸಲ ಕುಣಿಯುವವರು ಜಾಗ ಬಿಟ್ಟು ಹೋದರು, ನಾಲ್ಕನೇ ಸಲಕ್ಕೆ ಹುಚ್ಚೆದ್ದು ಕುಣಿದರು. ಇದು ಪಿಯೆರ್ ಹೇಳಿರುವ ಕಥೆ. ಆ ಟೇಪೇ ಆಮೇಲೆ ‘ಆಸಿಡ್ ಟ್ರ್ಯಾಕ್ಸ್’ ಆಗಿ ಹೊರಬಂತು.

ಇದರಲ್ಲಿ ಮುಂಬೈ ಎಲ್ಲಿ ಬಂತು ಹೇಳಿ. ನಮ್ಮ ದೇಶದಲ್ಲೇ ಓಡದ, ನಮ್ಮ ಜನವೇ ಮರೆತ ಒಂದು ಎಲ್‌ಪಿ ಸಮುದ್ರ ದಾಟಿ ಶಿಕಾಗೋದ ಮೂವರು ಹುಡುಗರ ಮನೆಗೆ ಹೋಗಿತ್ತು ಅನ್ನುವುದಕ್ಕೆ ಒಂದು ಚೂರು ಆಧಾರವನ್ನೂ ಇಲ್ಲಿವರೆಗೆ ಯಾರೂ ತೋರಿಸಿಲ್ಲ. ಮೊದಲು ಬಂದದ್ದರಿಂದಲೇ ಆಮೇಲಿನದು ಹುಟ್ಟಿರಬೇಕು ಅಂತಿಲ್ಲವಲ್ಲ.

ಹೋಗಲಿ, 303 ಬಳಸಿ ರೆಕಾರ್ಡು ಮಾಡಿದ್ದೇ ಆಸಿಡ್ ಹೌಸ್ ಅನ್ನುವುದಾದರೆ, ಸ್ಕಾಟ್ಲೆಂಡಿನ ಆರೆಂಜ್ ಜ್ಯೂಸ್ ಬ್ಯಾಂಡಿನ 1983ರ ಹಾಡಿನಲ್ಲೂ 303 ಇದೆ. ಇಟಲಿಯ ಅಲೆಕ್ಸಾಂಡರ್ ರೊಬೊಟ್‌ನಿಕ್ ಅದೇ ವರ್ಷ ತಂದ ಡಿಸ್ಕೋ ರೆಕಾರ್ಡಿನಲ್ಲೂ ಇದೆ. ಅವುಗಳನ್ನು ಯಾರೂ ಆಸಿಡ್ ಹೌಸ್ ಅನ್ನುವುದಿಲ್ಲ. ಯಾಕೆ? ಅಲ್ಲಿ 303 ತನ್ನ ಕೆಲಸ ಮಾಡುತ್ತಿದೆ, ಬೇಸ್ ನುಡಿಸುತ್ತಿದೆ, ಅಷ್ಟೇ. ಫ್ಯೂಚರ್ ಹುಡುಗರು ಮಾಡಿದ್ದು ಬೇರೆ. ಗುಂಡಿ ತಿರುಗಿಸುವುದನ್ನೇ ಅವರು ಸಂಗೀತ ಮಾಡಿದರು. ಹನ್ನೊಂದು ನಿಮಿಷಕ್ಕೂ ಜಾಸ್ತಿ ಒಂದೇ ಪ್ಯಾಟರ್ನು, ಸ್ವರ ಬದಲಾಗುವುದಿಲ್ಲ, ಸದ್ದಿನ ಬಣ್ಣ ಮಾತ್ರ ಬದಲಾಗುತ್ತಾ ಹೋಗುತ್ತದೆ. ಚರಣ್‌ಜಿತ್ ಅವರದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಮುಂದೆ ನಿಂತಿರುವುದು ಜ್ಯೂಪಿಟರ್-8ರಲ್ಲಿ ಅವರು ಕೈಯಾರೆ ನುಡಿಸುವ ರಾಗ. ಸ್ವರ ಹೇಗೆ ಸಾಗುತ್ತದೆ ಅನ್ನುವುದೇ ಅಲ್ಲಿ ಮುಖ್ಯ. 303 ಹಿಂದೆ ನಿಂತು ಅದೇ ರಾಗದ ಸ್ವರಗಳಲ್ಲಿ ಓಡುತ್ತದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ, ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಫಾರ್ವರ್ಡ್ ಮಾಡುವವರಲ್ಲಿ ಎಷ್ಟು ಜನ ಎರಡನ್ನೂ ಕೇಳಿದ್ದಾರೋ!

ಹಾಗಾದರೆ ಯಾಕೆ ಅಷ್ಟು ಹೋಲುತ್ತವೆ? ಇದು ಒಳ್ಳೆಯ ಪ್ರಶ್ನೆ. ಇದನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

303 ಒಂದು ಪುಟ್ಟ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಡಬ್ಬ. ಜೊತೆಗೆ ಬೇಸ್ ನುಡಿಸುವವರು ಸಿಗದ ಗಿಟಾರಿಸ್ಟುಗಳು ಮನೆಯಲ್ಲಿ ಅಭ್ಯಾಸ ಮಾಡಲಿ ಅಂತ ಮಾಡಿದ್ದು. ಬೇಸ್ ಗಿಟಾರಿನ ಹಾಗೆ ಅದು ಕೇಳಿಸುವುದೇ ಇಲ್ಲ. ಸುಮಾರು 10,000 ಮಾಡಿ, 1984ರಲ್ಲಿ ನಿಲ್ಲಿಸಿಬಿಟ್ಟರು. ಮೇಲ್ಗಡೆ ಸಾಲಾಗಿ ಆರು ಸಣ್ಣ ಗುಂಡಿ, ಕೆಳಗೆ ಒಂದು ಸ್ಥಾಯಿಯಷ್ಟು ಒತ್ತುಗುಂಡಿ. ಇದಕ್ಕೆ ಸ್ವರ ಉಣಿಸುವುದೇ ಒಂದು ಸಾಹಸ. ಮೊದಲು ಸ್ವರಗಳನ್ನಷ್ಟೇ ಒಂದಾದ ಮೇಲೊಂದು ಒತ್ತಬೇಕು. ಆಮೇಲೆ ಬೇರೆ ಮೋಡ್‌ಗೆ ಹೋಗಿ ಎಲ್ಲಿ ಸ್ವರ, ಎಲ್ಲಿ ಎಳೆತ, ಎಲ್ಲಿ ಮೌನ ಅಂತ ಕಾಲವನ್ನು ಬೇರೆಯಾಗಿ ತುಂಬಬೇಕು. ಹಾಡಿನ ಸ್ವರವನ್ನು ಒಬ್ಬರು, ತಾಳವನ್ನು ಇನ್ನೊಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಬರೆದ ಹಾಗೆ.

ಅದರಲ್ಲಿ ಸ್ಲೈಡ್ ಅಂತ ಒಂದು ಗುಂಡಿ ಇದೆ. ಒಂದು ಸ್ವರಕ್ಕೆ ಅದನ್ನು ಹಾಕಿದರೆ, ಮುಂದಿನ ಸ್ವರಕ್ಕೆ ಹಾರುವ ಬದಲು ಜಾರಿ ಹೋಗುತ್ತದೆ. ನಮ್ಮವರ ಕಿವಿಗೆ ಇದು ತಕ್ಷಣ ಮೀಂಡ್ ಅನ್ನಿಸುತ್ತದೆ, ಜಾರು ಅನ್ನಿಸುತ್ತದೆ. ಹತ್ತಿರದಿಂದ ಕೇಳಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಸಾ ಇಂದ ರೀಗೆ ಜಾರಿದರೂ ಸಾ ಇಂದ ಮೇಲಿನ ಸಾಗೆ ಜಾರಿದರೂ 303 ತೆಗೆದುಕೊಳ್ಳುವುದು ಅಷ್ಟೇ ಹೊತ್ತು, ಕಣ್ಣು ಮಿಟುಕಿಸುವಷ್ಟು. ಹಾಡುವವರು ಮೀಂಡನ್ನು ಬೇಕಾದಷ್ಟು ನಿಧಾನ ಮಾಡಬಹುದು, ನಡುವೆ ಒಂದು ಕಡೆ ನಿಲ್ಲಬಹುದು. ಈ ಡಬ್ಬಕ್ಕೆ ಆ ದಾರಿ ಇಲ್ಲ. ಅದೇ ಗಡಿಬಿಡಿಯ ಜಾರು ಮುಂಬೈಯಲ್ಲೂ ಶಿಕಾಗೋದಲ್ಲೂ ಕೇಳಿಸುತ್ತದೆ, ಯಾಕಂದರೆ ಡಬ್ಬ ಒಂದೇ. ಒಂದೇ ಕಂಪನಿಯ ಹಾರ್ಮೋನಿಯಂ ಹುಬ್ಬಳ್ಳಿಯಲ್ಲೂ ಪುಣೆಯಲ್ಲೂ ಒಂದೇ ಥರ ಕೇಳಿಸುವುದಿಲ್ಲವೇ, ಹಾಗೆ.

ಇನ್ನೊಂದು ಕಾರಣ ಇದೆ, ನನಗೆ ಇದು ಜಾಸ್ತಿ ಇಷ್ಟ. ಸಿನಿಮಾ ಹಾಡಿನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು, ಬದಲಾಗುತ್ತಾ ಇರುತ್ತವೆ. ರಾಗದಲ್ಲಿ ಷಡ್ಜ, ಅಂದರೆ ಸಾ, ಕದಲುವುದಿಲ್ಲ. ತಂಬೂರಿ ಹಿಡಿದ ಶ್ರುತಿ ಕೊನೆಯವರೆಗೂ ಅದೇ. ಹಾಗಾಗಿ ಚರಣ್‌ಜಿತ್ ಅವರ ಬೇಸ್ ಒಂದೇ ಜಾಗದಲ್ಲಿ ಸುತ್ತುತ್ತದೆ. ಆ ಶಿಕಾಗೋ ರೆಕಾರ್ಡಿನಲ್ಲೂ ಬೇಸ್ ಒಂದೇ ಜಾಗದಲ್ಲಿ ಸುತ್ತುತ್ತದೆ, ಆದರೆ ಅಲ್ಲಿ ಕಾರಣ ರಾಗವಲ್ಲ. ಅಲ್ಲಿ ಕುಣಿಯುವವರಿಗೆ ಸುತ್ತು ಮುರಿಯಬಾರದು, ಮಷೀನಿನೊಳಗೆ ಒಂದೇ ಪ್ಯಾಟರ್ನ್ ತಿರುಗುತ್ತಿರುತ್ತದೆ. ಎರಡು ಬೇರೆ ಬೇರೆ ಅಗತ್ಯ, ಬಂದು ಸೇರಿದ್ದು ಒಂದೇ ಜಾಗಕ್ಕೆ. ಕದ್ದ ಕಥೆಗಿಂತ ಇದು ಎಷ್ಟೋ ಸ್ವಾರಸ್ಯವಾಗಿದೆ ಅಲ್ವಾ?

808ರಲ್ಲೂ ಒಂದು ತಮಾಷೆಯ ಹೋಲಿಕೆ ಇದೆ. ಅದರ ಕೆಳಸಾಲಿನಲ್ಲಿ ಹದಿನಾರು ಗುಂಡಿ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ತೀನ್‌ತಾಲ್ ಕಲಿತವರು ನೋಡಿದರೆ ಹದಿನಾರು ಮಾತ್ರೆ, ನಾಲ್ಕು ವಿಭಾಗ ಅಂತ ತಕ್ಷಣ ಹೇಳುತ್ತಾರೆ. ಆದರೆ ತೀನ್‌ತಾಲ್‌ನಲ್ಲಿ ಮೂರನೇ ವಿಭಾಗ ಖಾಲಿ. ಅಲ್ಲಿ ಬಾಯಾ (ತಬಲಾ ಜೋಡಿಯ ಎಡಗೈ ವಾದ್ಯ) ಸುಮ್ಮನಾಗುತ್ತದೆ, ಸಮ, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬರುತ್ತದೆ ಅಂತ ಕಿವಿ ಕಾಯುತ್ತದೆ. ಡಿಸ್ಕೋಗೆ ಖಾಲಿ ಇಲ್ಲ, ಪ್ರತಿ ನಾಲ್ಕಕ್ಕೂ ಅದೇ ಗುದ್ದು. ತಬಲಾ ಬಿಟ್ಟಿದ್ದರಿಂದ ಚರಣ್‌ಜಿತ್ ಈ ಕಾಯುವಿಕೆಯನ್ನು ಕಳೆದುಕೊಂಡರು. ಇದು ಈ ರೆಕಾರ್ಡಿನ ನಿಜವಾದ ಕೊರತೆ ಅಂತ ನನ್ನ ಅಭಿಪ್ರಾಯ. ಶಾಸ್ತ್ರೀಯ ಸಂಗೀತದವರು ಇದನ್ನು ಒಪ್ಪದಿದ್ದರೆ ನನಗೆ ಆಶ್ಚರ್ಯವಿಲ್ಲ.

ಮತ್ತೆ ಅವರ ದೊಡ್ಡಸ್ತಿಕೆ ಏನು? 1982ರಲ್ಲಿ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ವ್ಯವಸ್ಥೆ ಇನ್ನೂ ಬಂದಿರಲಿಲ್ಲ. ಈಗಿನ ಹಾಗೆ ಒಂದು ವೈರ್ ಚುಚ್ಚಿದರೆ ಎಲ್ಲಾ ವಾದ್ಯ ಮಾತಾಡಿಕೊಳ್ಳುವ ಕಾಲವಲ್ಲ ಅದು. ಆಗಷ್ಟೇ ಪೇಟೆಗೆ ಬಂದ ಮೂರು ಮಷೀನನ್ನು ಒಂದೇ ಲಯಕ್ಕೆ ಕಟ್ಟಿದರು. ಅವು ಹುಟ್ಟಿದ ಊರಿನವರಿಗೇ ಅವುಗಳ ಉಪಯೋಗ ಸರಿಯಾಗಿ ಗೊತ್ತಾಗದ ಹೊತ್ತಿನಲ್ಲಿ, ಅವುಗಳ ಮೇಲೆ ಭೈರವ್ ನುಡಿಸಿದರು. ರಾಗದ ಸ್ವರ ತಪ್ಪಲಿಲ್ಲ. ಸಿನಿಮಾ ಧಾಟಿಗೆ ಇಳಿಯಲಿಲ್ಲ. ಇದಕ್ಕಿಂತ ದೊಡ್ಡ ಬಿರುದು ಯಾಕೆ ಬೇಕು?

ಈಗ ಯಾರೂ ಕೇಳದ ಒಂದು ಪ್ರಶ್ನೆ: ಈ ಹತ್ತು ರಾಗಕ್ಕೆ ಕರ್ನಾಟಕ ಸಂಗೀತದಲ್ಲಿ ಏನನ್ನುತ್ತಾರೆ? ಕರ್ನಾಟಕ ಸಂಗೀತ ಕಲಿತವರು ಈ ರೆಕಾರ್ಡಿನ ಹಿಂದೂಸ್ತಾನಿ ರಾಗಗಳ ಹೆಸರುಗಳನ್ನು ನೋಡಿದರೆ ದಾರಿ ತಪ್ಪುತ್ತಾರೆ, ಅದಕ್ಕೇ ಹೇಳುತ್ತೇನೆ. ಹಿಂದೂಸ್ತಾನಿಯಲ್ಲೇ ಬೆಳೆದ ಧಾರವಾಡದ ಕಡೆಯವರಿಗೆ ಇದೆಲ್ಲ ಬೇಕಿಲ್ಲ, ಅವರು ಮುಂದೆ ಹೋಗಬಹುದು. ಮೊದಲ ಟ್ರ್ಯಾಕ್ ಭೈರವ್ ಅಂದರೆ ನೀವು ಸರಳೆ ವರಸೆ ಕಲಿತ ಮಾಯಾಮಾಳವಗೌಳದ ಸ್ವರಗಳೇ. ಯಮನ್ ಅಂದರೆ ಕಲ್ಯಾಣಿ. ಇವೆರಡು ಸುಲಭ. ಭೂಪಾಲಿ ಅಂದ ಕೂಡಲೇ ಭೂಪಾಳ ಅಂದುಕೊಳ್ಳಬೇಡಿ, ಅದು ನಮ್ಮ ಮೋಹನ. ಇಲ್ಲಿನ ತೋಡಿ ನಮ್ಮ ತೋಡಿ ಅಲ್ಲ, ಶುಭಪಂತುವರಾಳಿಯ ಸ್ವರಗಳು. ನಮ್ಮ ತೋಡಿಯ ಸ್ವರಗಳು ಬೇಕಾದರೆ ಅವರ ಭೈರವಿಗೆ ಹೋಗಬೇಕು. ಮಾಲಕಂಸ ಅಂದರೆ ಹಿಂದೋಳ, ಆದರೆ ಅವರಲ್ಲಿ ಹಿಂದೋಲ್ ಅಂತ ಇನ್ನೊಂದೇ ರಾಗ ಇದೆ. ಕಲಾವತಿಯಲ್ಲೂ ಇದೇ ಗೋಳು: ಇಲ್ಲಿರುವುದು ನಮ್ಮ ವಲಚಿ. ಕೊನೆಯ ಬೈರಾಗಿ ರೇವತಿಯ ಸ್ವರಗಳಲ್ಲಿದೆ. ಮಧುವಂತಿ ಕೇಳುವಾಗ ಧರ್ಮವತಿ ನೆನಪಾಗುತ್ತದೆ, ಮೇಘ ಮಲ್ಹಾರ್ ಕೇಳುವಾಗ ಮಧ್ಯಮಾವತಿಯ ನೆರಳು ಕಾಣುತ್ತದೆ. ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ, ನಡೆ ಬೇರೆ, ಅದು ನಿಮಗೆ ಗೊತ್ತೇ ಇದೆ.

ಒಂಬತ್ತು ಆಯಿತು. ಉಳಿದದ್ದು ಎರಡನೇ ಟ್ರ್ಯಾಕ್, ಲಲಿತ್. ಉತ್ತರ ಕರ್ನಾಟಕದ ಹಳಬರು ಲಲತ್ ಅನ್ನುತ್ತಾರೆ. ರಾಗಗಳಿಗೆ ತಾಯಿಯಾದ ನಮ್ಮ ಎಪ್ಪತ್ತೆರಡು ಮೇಳದಲ್ಲಿ ಎಲ್ಲಿ ಹುಡುಕಿದರೂ ಇದಕ್ಕೆ ಜಾಗ ಸಿಗುವುದಿಲ್ಲ. ಪಂಚಮವೇ ಇಲ್ಲ. ಅದರ ಬದಲು ಎರಡು ಮಧ್ಯಮ, ಶುದ್ಧ ಮತ್ತು ತೀವ್ರ, ಒಂದರ ಬೆನ್ನಿಗೆ ಒಂದು. ನಾನು ಕೀಬೋರ್ಡ್ ಹೇಳಿಕೊಡುವ ಹುಡುಗಿಯೊಬ್ಬಳಿಗೆ ಹೋದ ವಾರ ಇದನ್ನು ನುಡಿಸಲು ಹೇಳಿದೆ. ಬಿಳಿ ಕೀ ಒತ್ತಿದಳು, ಪಕ್ಕದ ಕಪ್ಪು ಕೀ ಒತ್ತಿದಳು, ತಪ್ಪಾಯಿತು ಅಂತ ಕೈ ತೆಗೆದಳು. "ತಪ್ಪಲ್ಲಮ್ಮ, ಅದೇ ಸರಿ" ಅಂದು ಚರಣ್‌ಜಿತ್ ಅವರ ಲಲಿತ್ ಹಾಕಿದೆ. ಪೂರ್ತಿ ಕೇಳಿದಳು. ಆಮೇಲೆ ಏನೂ ಹೇಳದೆ ಮತ್ತೆ ಬಿಳಿ ಕೀಗೆ ಬೆರಳಿಟ್ಟಳು.