ಬಾಯೊಳಗಿನ ಗಾಯ ಗುರುತಿಸುವಾಗ ಎದುರಿನ ಹಲ್ಲನ್ನೂ ನೋಡಿ

ಡೆಂಟಲ್ ಕಾಲೇಜಿನಲ್ಲಿ ಓರಲ್ ಮೆಡಿಸಿನ್ (ಬಾಯಿಯ ರೋಗಗಳ ವಿಭಾಗ) ಪೋಸ್ಟಿಂಗ್‌ನ ಮೊದಲ ವಾರ ನನಗೆ ರೋಗಿಗಳ ಬಾಯಲ್ಲಿ ಕಂಡ ಬಿಳಿಯೆಲ್ಲ ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಮಚ್ಚೆ. ಆದರೆ ಬಿಳಿ ಮಚ್ಚೆಗೆ ಬೇರೆ ಯಾವ ರೋಗವೂ, ಯಾವ ಉಜ್ಜಾಟವೂ ಕಾರಣವಲ್ಲ ಎಂದು ಖಚಿತವಾದ ಮೇಲೆ ಕೊಡುವ ಹೆಸರು ಅದು. ಈಗ ಮಚ್ಚೆಯೋ ಹುಣ್ಣೋ ಗಂಟೋ ಕಂಡರೆ ಮೊದಲು ರೋಗಿಗೆ 'ಒಮ್ಮೆ ಹಲ್ಲು ಕಚ್ಚಿ' ಎನ್ನುತ್ತೇನೆ. ಆ ಜಾಗಕ್ಕೆ ತಾಗುವುದು ಏನು ಅಂತ ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಕನ್ನಡಿ ಮುಂದೆ ನಿಂತು ನಿಮ್ಮ ಕೆನ್ನೆಯನ್ನೇ ಎಳೆದು ನೋಡಿಕೊಳ್ಳಿ. ಮೇಲಿನ ಕೆಳಗಿನ ಹಲ್ಲು ಕೂಡುವ ಮಟ್ಟದಲ್ಲಿ, ಎರಡೂ ಕಡೆ, ಹಿಂದಿನಿಂದ ಮುಂದಕ್ಕೆ ಒಂದು ಬಿಳಿ ಗೆರೆ ಇದ್ದರೆ ಅದು ಲೀನಿಯಾ ಆಲ್ಬಾ. ಚಿಕಿತ್ಸೆ ಬೇಡ. ಗೆರೆಯ ಬದಲು ತೊಳೆದು ತೊಳೆದು ಎಳೆ ಬಿಟ್ಟ ಟವೆಲ್ಲಿನ ಹಾಗೆ ಚಿಂದಿ ಚಿಂದಿ ಬಿಳಿ ಇದ್ದರೆ ಕೆನ್ನೆ ಕಚ್ಚುವ ಚಾಳಿ, ಪುಸ್ತಕದ ಭಾಷೆಯಲ್ಲಿ ಮಾರ್ಸಿಕೇಶಿಯೋ ಬಕ್ಕೇರಮ್. ಇಂಟರ್ನಲ್ಸ್ ಹತ್ತಿರ ಬಂದಾಗ ನಮ್ಮ ಬ್ಯಾಚಿನಲ್ಲೇ ಎರಡು ಮೂರು ಕೇಸು ಸಿಗುತ್ತವೆ! ಕೆನ್ನೆ ಎಳೆದಾಗ ಮಾಯವಾಗುವ ಮಾಸಲು ಬಿಳುಪು ಲ್ಯೂಕೋಎಡಿಮಾ. ಅದು ಗಾಯವೇ ಅಲ್ಲ.

ಸುಟ್ಟ ಬಿಳಿ ಬೇರೆ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಅದುಮಿಟ್ಟುಕೊಂಡವರು, ಲವಂಗದೆಣ್ಣೆ ಹತ್ತಿ ಇಟ್ಟವರು, ಎಲೆಗೆ ಸುಣ್ಣ ಜಾಸ್ತಿ ಸವರಿದವರು ಬರುತ್ತಾರೆ. ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಬಿಳಿ ಪೊರೆ ಕಿತ್ತು ಬಂದು ಕೆಳಗೆ ಕೆಂಪಗೆ ಉರಿಯುವ ಜಾಗ ಕಾಣುತ್ತದೆ. ಕ್ಯಾಂಡಿಡಾ ಎಂಬ ಶಿಲೀಂಧ್ರದ ಬಿಳಿ ಕೂಡ ಒರೆಸಿದರೆ ಬರುತ್ತದೆ. ಹಾಗಾಗಿ 'ಇಲ್ಲಿ ಏನಾದರೂ ಇಟ್ಟುಕೊಂಡಿದ್ದಿರಾ?' ಎಂದು ಕೇಳದೆ ಬರೆಯಬೇಡಿ. ಹೊಗೆಸೊಪ್ಪು ಇಟ್ಟುಕೊಳ್ಳುವವರು ಬೆರಳಿಟ್ಟು ತೋರಿಸುವ ಜಾಗದಲ್ಲೇ ಸುಕ್ಕುಗಟ್ಟಿದ ಬಿಳಿ ಇರುತ್ತದೆ. ಕಾರಣ ಸಿಕ್ಕಿತು ಎಂದು ಅದನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಆ ಕಾರಣವೇ ಕ್ಯಾನ್ಸರ್ ತರುವಂಥದ್ದು.

ಅಂಗುಳದ್ದೂ ಇದೇ ಕಥೆ. ಬೀಡಿ, ಸಿಗರೇಟಿನ ಬಿಸಿಗೆ ಅಂಗುಳ ಬೂದು ಬಿಳಿಯಾಗಿ, ನಡುನಡುವೆ ಕೆಂಪು ಚುಕ್ಕೆ ಮೂಡುತ್ತವೆ. ಆ ಚುಕ್ಕೆಗಳು ಊದಿಕೊಂಡ ಜೊಲ್ಲುಗ್ರಂಥಿಗಳ ಬಾಯಿ. ಇದು ನಿಕೋಟಿನ್ ಸ್ಟೊಮಟೈಟಿಸ್, ಸೇದುವುದು ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣ ಕಡೆಯ ಹೆಂಗಸರಂತೆ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವವರಲ್ಲಿ ಅಂಗುಳದ ಕ್ಯಾನ್ಸರಿನ ಅಪಾಯ ಹೆಚ್ಚು.

ಗಂಟುಗಳಲ್ಲಿ ನಾಲ್ಕು ಸಾಕು. ಕೆನ್ನೆಯಲ್ಲಿ, ಕಚ್ಚುವ ಗೆರೆಯ ಮೇಲೆ, ನುಣುಪಾದ, ಗಟ್ಟಿ, ಪಕ್ಕದ ಚರ್ಮದ್ದೇ ಬಣ್ಣದ ಗಂಟು ಫೈಬ್ರೋಮಾ. ಕೆಳತುಟಿಯಲ್ಲಿ ನೀಲಿ ಛಾಯೆಯ ಮೆತ್ತನೆ ಗುಳ್ಳೆ, 'ಒಡೆಯುತ್ತೆ, ಮತ್ತೆ ಬರುತ್ತೆ' ಎಂದರೆ ಮ್ಯೂಕೋಸೀಲ್. ತುಟಿ ಕಚ್ಚಿದಾಗ ಸಣ್ಣ ಜೊಲ್ಲುಗ್ರಂಥಿಯ ನಾಳ ಹರಿದು ಲೋಳೆ ಸೋರಿರುತ್ತದೆ. ಮೇಲ್ತುಟಿಯಲ್ಲಿ ಅಂಥ ಗಂಟು ಕಂಡರೆ ಮಾತ್ರ ಗ್ರಂಥಿಯ ಗೆಡ್ಡೆ ನೆನಪಾಗಬೇಕು. ಹಲ್ಲುಸೆಟ್ಟಿನ ಅಂಚಿಗೆ ಮಡಿಕೆ ಮಡಿಕೆಯಾಗಿ ಬೆಳೆದ ಮಾಂಸ ಎಪುಲಿಸ್ ಫಿಶುರೇಟಮ್. ಸೆಟ್ಟು ಹಾಕಿಸಿ ನೋಡಿ, ಅಂಚು ಮಡಿಕೆಗಳ ನಡುವಿನ ಸಂದಿಗೆ ಸರಿಯಾಗಿ ಕೂರುತ್ತದೆ. ವಸಡಿನಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಗಂಟು ಪಯೋಜೆನಿಕ್ ಗ್ರಾನುಲೋಮಾ. ಹಲ್ಲಿಗೆ ಗಾರೆ (ಗಟ್ಟಿಯಾದ ಪಾಚಿ) ಕಟ್ಟಿದ ಕಡೆಯ ವಸಡಿನಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ ಕಾಣುತ್ತದೆ. 'ಪಯೋಜೆನಿಕ್' ಎಂದರೆ ಕೀವು ಹುಟ್ಟಿಸುವಂಥದ್ದು. ಹೆಸರಲ್ಲಿ ಕೀವಿದೆ, ಈ ಗಂಟಿನಲ್ಲಿ ಇಲ್ಲ.

ಇನ್ನು ಹಲ್ಲು ತಾಗಿ ಆಗುವ ಹುಣ್ಣು. ನಡುವೆ ಹಳದಿ-ಬಿಳಿ ಪೊರೆ, ಸುತ್ತ ಕೆಂಪು, ಮುಟ್ಟಿದರೆ ನೋವು. ಹಳೆಯದಾದರೆ ಅಂಚು ಬಿಳಿಯಾಗಿ ಸ್ವಲ್ಪ ಏಳುತ್ತದೆ, ಕ್ಯಾನ್ಸರೇ ಇರಬಹುದೇ ಎಂಬ ಗಾಬರಿ ಹುಟ್ಟಿಸುವುದು ಇದೇ. ನಾಲಿಗೆಯ ಪಕ್ಕದಲ್ಲಿ ಇಂಥದ್ದೇ ಹುಣ್ಣಿನ ಅಜ್ಜಿಯೊಬ್ಬರು ಬಂದಿದ್ದರು. 'ಅಜ್ಜಿ, ನಾಲಿಗೆ ಚಾಚಿ' ಎಂದು ಗಾಜ್ ಬಟ್ಟೆಯಲ್ಲಿ ತುದಿ ಹಿಡಿದು ಪಕ್ಕಕ್ಕೆ ಎಳೆದೆ. 'ಕಣ್ಣಲ್ಲಿ ನೋಡಿದ್ದು ಸಾಕು, ಬೆರಳಲ್ಲಿ ನೋಡು' ಎಂದರು ನಮಗೆ ಕಲಿಸುವ ಸರ್. ಅಂಚು ಮೆತ್ತಗಿತ್ತು, ಅಡಿಯಲ್ಲಿ ಗಟ್ಟಿ ಇರಲಿಲ್ಲ, ಕತ್ತಿನಲ್ಲಿ ಗಂಟು ಸಿಗಲಿಲ್ಲ. ನಾಲಿಗೆ ಬಿಟ್ಟಾಗ ಅದು ಹೋಗಿ ಒರಗಿದ್ದು ಮುರಿದ ಕೆಳದವಡೆ ಹಲ್ಲಿನ ಚೂಪಿಗೆ. ಚೂಪನ್ನು ಉಜ್ಜಿ ನುಣುಪು ಮಾಡಿ, ಎರಡು ವಾರ ಬಿಟ್ಟು ಬರಲು ಹೇಳಿದೆವು. ಆದರೂ ಜಾಗ ನಾಲಿಗೆಯ ಪಕ್ಕ, ಬಾಯಿ ಕ್ಯಾನ್ಸರಿಗೆ ಹೆಸರಾದ ಜಾಗ. ಕೇಸ್ ಶೀಟಿನ ಹಿಂದೆ ಸರ್ ಬಯಾಪ್ಸಿ (ಚೂರು ತೆಗೆದು ಪರೀಕ್ಷೆಗೆ ಕಳಿಸುವುದು) ಫಾರಂ ಪಿನ್ ಮಾಡಿಸಿದ್ದರು. 14ನೇ ದಿನ ಹುಣ್ಣಿದ್ದ ಕಡೆ ಗುಲಾಬಿ ಗೀರು ಮಾತ್ರ ಉಳಿದಿತ್ತು. ಅದನ್ನೂ ಬೆರಳಲ್ಲಿ ಒತ್ತಿ ನೋಡಿದ ಮೇಲೇ ಸರ್ ಆ ಫಾರಂ ಬಿಚ್ಚಿಸಿದ್ದು.