ಲ್ಯಾಪ್‌ಟಾಪ್ ಏಳದಿದ್ದರೆ ಗಡಿಯಾರವನ್ನು ಕೇಳಿ

ಮುಚ್ಚಳ ತೆರೆದರೆ ಫ್ಯಾನ್ ತಿರುಗುತ್ತದೆ, ಪವರ್ ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ನಿನ್ನೆಯವರೆಗೆ ಸರಿಯಿತ್ತು. ಇಷ್ಟು ಹೇಳಿದರೆ ಸಾಕು, ಸಲಹೆಗಳು ಶುರು: ವೈರಸ್ ಇರಬೇಕು, ಬ್ಯಾಟರಿ ಹೋಗಿದೆ, ಫಾರ್ಮ್ಯಾಟ್ ಹೊಡೆದುಬಿಡಿ. ದೃಷ್ಟಿ ತೆಗೆಯುವುದೊಂದು ಬಾಕಿ. ನಿನ್ನೆಗೂ ಇವತ್ತಿಗೂ ಮಧ್ಯೆ ಏನು ಬದಲಾಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಲಿನಕ್ಸ್ ಯಂತ್ರದಲ್ಲಿ ಎಷ್ಟೋ ಸಲ ಬದಲಾಗಿರುವುದು ಕರ್ನೆಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ. ಅದರ ಜೊತೆಗೇ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ಕೋಡು) ಕೂಡ ಹೊಸದಾಗಿರುತ್ತದೆ. ಸರಿಯಾಗಿ ನಡೆಯುತ್ತಿದ್ದದ್ದು ಹೊಸ ಆವೃತ್ತಿಯಲ್ಲಿ ಕೆಟ್ಟರೆ ಅದು ರಿಗ್ರೆಷನ್. ಯಂತ್ರ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ, ಮಲಗಿಸಿ (ಸಸ್ಪೆಂಡ್ ಮಾಡಿ), ಎಬ್ಬಿಸಿ ನೋಡಿ. ಪ್ರತಿ ಸಲವೂ ಎದ್ದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಹೆಚ್ಚುಕಡಿಮೆ ಮುಗಿಯಿತು.

ಮಲಗುವುದೆಂದರೆ ಸುಮ್ನೆ ಪರದೆ ಆರಿಸುವುದಲ್ಲ. ಲಿನಕ್ಸ್ ಮೊದಲು ಪ್ರೋಗ್ರಾಂಗಳನ್ನು ನಿಂತಲ್ಲೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಸಾಧನವನ್ನು ಮಲಗಿಸುತ್ತದೆ. ಕೊನೆಗೆ ಒಂದು ಪ್ರೊಸೆಸರ್ ಬಿಟ್ಟು ಉಳಿದವನ್ನು ಆಫ್ ಮಾಡುತ್ತದೆ. ಮದುವೆ ಮುಗಿದ ಮೇಲೆ ಪೆಂಡಾಲ್ ಬಿಚ್ಚುವ ಹಾಗೆ ಇದಕ್ಕೂ ಒಂದು ಕ್ರಮವಿದೆ: ಅಡುಗೆಯವರು ಇನ್ನೂ ಪಾತ್ರೆ ತೊಳೆಯುತ್ತಿರುವಾಗ ಜನರೇಟರ್ ಬಂದ್ ಮಾಡುವ ಹಾಗಿಲ್ಲ.

ಗ್ರಾಫಿಕ್ಸ್‌ಗೆ ಇಲ್ಲಿ ಎಲ್ಲರಿಗಿಂತ ಜಾಸ್ತಿ ಕಷ್ಟ. ಎಸ್3 ಎಂಬ ಹಳೆಯ ರೀತಿಯ ನಿದ್ದೆಯಲ್ಲಿ ರ‍್ಯಾಮ್‌ಗೆ ಕರೆಂಟ್ ಉಳಿಯುತ್ತದೆ, ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಗೆ ಉಳಿಯುವುದಿಲ್ಲ. ಅದರಲ್ಲಿ ಉಳಿಸಬೇಕಾದದ್ದನ್ನು ಡ್ರೈವರ್ ಮೊದಲೇ ರ‍್ಯಾಮ್‌ಗೆ ಸಾಗಿಸಬೇಕು. ಎದ್ದ ಮೇಲೆ ಕಾರ್ಡನ್ನು ಮೊದಲಿನಿಂದ ಸಿದ್ಧಪಡಿಸಬೇಕು. ಯಂತ್ರ ಆನ್ ಆಗುವಾಗ ಈ ಕೆಲಸವನ್ನು ಬಯೋಸ್ (ಮದರ್‌ಬೋರ್ಡಿನಲ್ಲೇ ಇರುವ, ಮೊದಲು ಓಡುವ ತಂತ್ರಾಂಶ) ಮಾಡುತ್ತದೆ. ನಿದ್ದೆಯಿಂದ ಏಳುವಾಗ ಅದನ್ನು ನಂಬಿ ಕೂರುವ ಹಾಗಿಲ್ಲ. ಹಿಂದೆಲ್ಲ ಯಾವ ಲ್ಯಾಪ್‌ಟಾಪ್‌ಗೆ ಯಾವ ಉಪಾಯ ಅಂತ ಪಟ್ಟಿ ಇಟ್ಟುಕೊಂಡು ಒದ್ದಾಡುತ್ತಿದ್ದರು. 2009ರಲ್ಲಿ 2.6.29 ಕರ್ನೆಲ್ ಬಂದಾಗ, ಪರದೆಯ ಹೊಂದಿಕೆಯನ್ನು ಕರ್ನೆಲ್ಲೇ ನೋಡಿಕೊಳ್ಳುವುದು ಇಂಟೆಲ್ ಗ್ರಾಫಿಕ್ಸ್‌ನಿಂದ ಶುರುವಾಯಿತು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲವೇ ಇಲ್ಲ, ಇರುವುದು ಬೇರೆ ರೀತಿಯ ಹಗುರ ನಿದ್ದೆ. ತೊಂದರೆ ಅಲ್ಲೂ ತಪ್ಪಿಲ್ಲ.

ಪರದೆ ಕಪ್ಪಾದಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಬದಲಾದರೆ ಕರ್ನೆಲ್ ಬದುಕಿದೆ, ಸತ್ತಿರುವುದು ಪರದೆ ಅಷ್ಟೇ. ಆಗ ಇನ್ನೊಂದು ಕಂಪ್ಯೂಟರಿನಿಂದ ಎಸ್ಎಸ್ಎಚ್ (ನೆಟ್‌ವರ್ಕಿನಲ್ಲಿ ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಹೋಗಿ ಲಾಗ್, ಅಂದರೆ ಕರ್ನೆಲ್ ಬರೆದಿಟ್ಟ ದಾಖಲೆ, ಓದಬಹುದು. ದೀಪವೂ ಅಲುಗದಿದ್ದರೆ ಬಲವಂತದ ರೀಬೂಟ್ ಒಂದೇ ದಾರಿ. ಆದರೆ ರೀಬೂಟ್ ಮಾಡಿದರೆ ಸಾಕ್ಷಿಯೂ ಹೋಯಿತು, ಅಲ್ವಾ? ರ‍್ಯಾಮ್ ಅಳಿಸಿಹೋಗುತ್ತದೆ. ಡಿಸ್ಕ್ ಇನ್ನೂ ಎದ್ದೇ ಇರಲಿಲ್ಲ, ಅದರಲ್ಲಿ ಬರೆಯುವುದೆಲ್ಲಿ?

ಈ ಗಂಟನ್ನು ಬಿಡಿಸಲು 2006ರಲ್ಲಿ ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಬರೆದ ಪಿಎಂ_ಟ್ರೇಸ್ ಎಂಬ ಕರ್ನೆಲ್ ಸೌಲಭ್ಯ ನನಗೆ ತುಂಬಾ ಇಷ್ಟ. ರೀಬೂಟ್ ಆದರೂ ಅಳಿಯದೆ ಉಳಿಯುವುದು ಮದರ್‌ಬೋರ್ಡಿನ ಗಡಿಯಾರ. ಅದರ ಚಿಪ್‌ನಲ್ಲಿ ಬೇರೆ ಮಾಹಿತಿಗೂ ಒಂದಿಷ್ಟು ಜಾಗವಿದೆ, ಆದರೆ ಬಯೋಸ್ ಅದನ್ನು ಒರೆಸಿಹಾಕಬಹುದು. ಹಾಗಾಗಿ ಯಂತ್ರ ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತನ್ನು ಅವರು ಸಂಖ್ಯೆಯಾಗಿಸಿ ಗಡಿಯಾರದ ದಿನಾಂಕ, ಸಮಯದಲ್ಲೇ ಬರೆದರು! ವರ್ಷದಲ್ಲಿ 100 ಬೇರೆ ಬೇರೆ ಸಂಖ್ಯೆ ಬರೆಯಬಹುದು, ತಿಂಗಳಿಗೆ 12, ದಿನಕ್ಕೆ 28 (ಫೆಬ್ರವರಿಗೂ ಸಲ್ಲಬೇಕಲ್ಲ), ಗಂಟೆಗೆ 24. ಸೆಕೆಂಡ್ ಬಳಸುವಂತಿಲ್ಲ, ರೀಬೂಟ್ ಆಗುವಷ್ಟರಲ್ಲಿ ಅದು ಓಡಿಬಿಟ್ಟಿರುತ್ತದೆ. ನಿಮಿಷವನ್ನೂ ಮೂರರ ಹೆಜ್ಜೆಯಲ್ಲಿ ಎಣಿಸಬೇಕು, ಸಿಗುವುದು 20 ಸಂಖ್ಯೆ. ಎಲ್ಲ ಗುಣಿಸಿದರೆ 1,61,28,000. ಇದರೊಳಗೆ ಕೋಡಿನ ಸಾಲಿಗೆ 997 ಗುರುತು, ಸಾಧನಕ್ಕೆ 1009, ಮೇಲೆ ಇನ್ನೊಂದು 16 ಗುರುತು. ಗುಣಲಬ್ಧ 1,60,95,568. ಎಷ್ಟು ಬಿಗಿಯಾಗಿ ಕೂತಿದೆ ನೋಡಿ!

ಪಿಎಂ_ಟ್ರೇಸ್ ಆನ್ ಮಾಡಿ ಮಲಗಿಸಿದರೆ, ಏಳುವಾಗ ಒಂದೊಂದು ಹೆಜ್ಜೆಗೂ ಕರ್ನೆಲ್ ಗಡಿಯಾರವನ್ನು ತಿದ್ದುತ್ತಾ ಹೋಗುತ್ತದೆ. ಸಿಕ್ಕಿಕೊಂಡರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮೂರು ನಿಮಿಷದೊಳಗೆ ಮತ್ತೆ ಬೂಟ್ ಮಾಡಬೇಕು. ಕರ್ನೆಲ್ ಆ ವಿಚಿತ್ರ ದಿನಾಂಕ ಓದಿ, ಇದಕ್ಕೆ ಹೊಂದುವ ಸಾಧನ ಇಂಥದ್ದು ಅಂತ ಲಾಗ್‌ನಲ್ಲಿ ಹೇಳುತ್ತದೆ. 0000:00:02.0 ಎಂಬ ಸಾಧನದ ವಿಳಾಸ ಕಂಡರೆ ಅದು ಸಾಮಾನ್ಯವಾಗಿ ಇಂಟೆಲ್‌ನ ಒಳ ಗ್ರಾಫಿಕ್ಸ್. ಎರಡು ಸಾಧನಗಳ ಗುರುತು ಒಂದೇ ಆಗುವುದೂ ಉಂಟು, ಒಂದೇ ಸಾಕ್ಷಿಗೆ ತೀರ್ಪು ಕೊಡಬೇಡಿ. ಆಮೇಲೆ ಗಡಿಯಾರ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಬ್ರೌಸರ್ ಪ್ರತಿ ವೆಬ್‌ಸೈಟಿನ ಮೇಲೂ ಅನುಮಾನ ಪಡುತ್ತದೆ.

ಸಾಧನ ಗೊತ್ತಾಯಿತು, ಅದನ್ನು ಕೆಡಿಸಿದ ಬದಲಾವಣೆ ಯಾವುದು? ಎರಡು ಕರ್ನೆಲ್ ಆವೃತ್ತಿಗಳ ನಡುವೆ ಹತ್ತು ಸಾವಿರಕ್ಕೂ ಮಿಕ್ಕಿ ಬದಲಾವಣೆ ಇರುವುದು ಮಾಮೂಲು. ಕೋಡಿನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ನ ಬೈಸೆಕ್ಟ್ ಆಜ್ಞೆ ನಡುವಿನದೊಂದನ್ನು ಕೊಡುತ್ತದೆ. ನೀವು ಆ ಕರ್ನೆಲ್ಲನ್ನು ಕಟ್ಟಿ (ಕೋಡಿನಿಂದ ತಯಾರಿಸಿ), ಮಲಗಿಸಿ, ಎದ್ದಿತೋ ಇಲ್ಲವೋ ಅಂತ ಹೇಳಬೇಕು. ಪ್ರತಿ ಉತ್ತರಕ್ಕೂ ಅರ್ಧ ಕಳಚುತ್ತದೆ, 14 ಸುತ್ತಿಗೆ 16,384 ಬದಲಾವಣೆ ಜರಡಿ ಹಿಡಿಯಬಹುದು. ಬೇಸರದ ಕೆಲಸ ನಿಜ, ಒಂದೊಂದು ಸಲ ಕರ್ನೆಲ್ ಕಟ್ಟಲೂ ಹೊತ್ತು ಹಿಡಿಯುತ್ತದೆ. ಹತ್ತು ಸಲಕ್ಕೆ ಒಂದು ಸಲ ಮಾತ್ರ ಏಳದ ಯಂತ್ರವಾದರೆ ಪ್ರತಿ ಸುತ್ತಿನಲ್ಲೂ ಹಲವು ಸಲ ಮಲಗಿಸಿ ನೋಡಬೇಕು, ಒಂದು ತಪ್ಪು ಉತ್ತರ ಕೊಟ್ಟರೆ ಹುಡುಕಾಟವೇ ಬೇರೆ ದಿಕ್ಕಿಗೆ ಹೋಗುತ್ತದೆ. ಸಿಕ್ಕಿದ ಬದಲಾವಣೆಯನ್ನು ಹಿಂದೆಗೆದು ಇನ್ನೊಮ್ಮೆ ಕಟ್ಟಿ ನೋಡಿ. ಯಂತ್ರ ಎದ್ದರೆ ಆ ಬದಲಾವಣೆಯ ಗುರುತಿನ ಸಂಖ್ಯೆ ಸಮೇತ ಡ್ರೈವರ್ ನೋಡಿಕೊಳ್ಳುವವರಿಗೆ ಬರೆಯಿರಿ. ತಿದ್ದಿದ ಕರ್ನೆಲ್ ಬರುವವರೆಗೆ, ಅಪ್‌ಡೇಟ್ ಹಳೆಯ ಕರ್ನೆಲ್ಲನ್ನು ತೆಗೆದುಹಾಕದ ಹಾಗೆ ನೋಡಿಕೊಳ್ಳಿ.